ಪದ ಪರಿಚಯ: ಮುಕ್ತ ಆಕರ ತನಿಖೆ

ಮಾನವ ಹಕ್ಕುಗಳ ಸಂಘಟನೆಗಳ ವರದಿಗಳಲ್ಲಿ ಈಚೆಗೆ ಪದೇ ಪದೇ ಕಾಣಿಸುವ ‘ಓಪನ್ ಸೋರ್ಸ್ ಇನ್ವೆಸ್ಟಿಗೇಷನ್’ ಎಂಬುದನ್ನು ಕನ್ನಡದಲ್ಲಿ ‘ಮುಕ್ತ ಆಕರ ತನಿಖೆ’ ಎನ್ನಬಹುದು. ಓಪನ್ ಸೋರ್ಸ್ ಎಂದೊಡನೆ ಮುಕ್ತ ತಂತ್ರಾಂಶ ನೆನಪಾಗುವುದು ಸಹಜವಾದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಆಕರ ಗ್ರಂಥ’ ಎನ್ನುವಾಗ ಆಕರ ಎಂಬ ಮಾತಿಗೆ ಯಾವ ಅರ್ಥವೋ ಇಲ್ಲಿಯೂ ಅದೇ ಅರ್ಥ. ಸಾಮಾಜಿಕ ಜಾಲತಾಣದ ವಿಡಿಯೊ, ಉಪಗ್ರಹ ಚಿತ್ರ, ಸರ್ಕಾರಿ ದಾಖಲೆ ಮೊದಲಾಗಿ ಯಾರು ಬೇಕಾದರೂ ನೋಡಬಹುದಾದ ಅಥವಾ ಹಣ ಕೊಟ್ಟು ಪಡೆಯಬಹುದಾದ ಮಾಹಿತಿಯನ್ನು ಕಲೆಹಾಕಿ, ಹಕ್ಕುಗಳ ಉಲ್ಲಂಘನೆ ಎಲ್ಲಿ, ಯಾವಾಗ, ಯಾರಿಂದ ನಡೆಯಿತೆಂದು ಕಂಡುಕೊಳ್ಳುವ ಕ್ರಮಬದ್ಧ ಕೆಲಸ ಇದು. ಇನ್ನೊಬ್ಬರ ಖಾತೆಗೆ ಕನ್ನ ಹಾಕಿ ತೆಗೆದದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

1991ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸರು ರಾಡ್ನಿ ಕಿಂಗ್ ಅವರನ್ನು ಥಳಿಸಿದ್ದನ್ನು ನಿವಾಸಿಯೊಬ್ಬರು ಚಿತ್ರೀಕರಿಸಿದ್ದರು. ಮರುವರ್ಷ ಹುಟ್ಟಿದ ‘ವಿಟ್ನೆಸ್’ ಸಂಸ್ಥೆಯ ಮುಂದಿದ್ದ ಕೆಲಸ ಕಾರ್ಯಕರ್ತರ ಕೈಗೆ ಕ್ಯಾಮೆರಾ ಕೊಡುವುದು. ಇಂದು ವಿಡಿಯೊಗಳಿಗೆ ಬರವಿಲ್ಲ. ಅವು ನಿಜವೆಂದು ತೋರಿಸುವುದೇ ಕಷ್ಟ.

2018ರ ಜುಲೈನಲ್ಲಿ ಸಮವಸ್ತ್ರಧಾರಿಗಳು ಇಬ್ಬರು ಮಹಿಳೆಯರನ್ನೂ ಇಬ್ಬರು ಮಕ್ಕಳನ್ನೂ ಗುಂಡಿಕ್ಕಿ ಕೊಲ್ಲುವ ವಿಡಿಯೊ ಹರಿದಾಡಿದಾಗ, ಕ್ಯಾಮರೂನ್ ಸರ್ಕಾರ ಅದನ್ನು ಸುಳ್ಳು ಸುದ್ದಿ ಎಂದು ತಳ್ಳಿಹಾಕಿತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಬಂದೂಕಿನ ಮಾದರಿ, ಉಡುಪು, ಆಡಿದ ಮಾತುಗಳನ್ನು ಪರಿಶೀಲಿಸಿ ಅವರು ಕ್ಯಾಮರೂನಿನ ಸೈನಿಕರೆಂಬ ನಿರ್ಣಯಕ್ಕೆ ಬಂದಿತು. ಬಿಬಿಸಿಯ ತನಿಖಾ ತಂಡವು ಹಿನ್ನೆಲೆಯ ಬೆಟ್ಟಸಾಲಿನ ಅಂಚನ್ನು ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿ, ಸ್ಥಳ ದೇಶದ ಉತ್ತರ ತುದಿಯ ಜೆಲೆವೆಟ್ ಊರಿನ ಬಳಿಯದೆಂದು ಗುರುತಿಸಿತು. ಕಟ್ಟಡಗಳಲ್ಲಿ ಆದ ಬದಲಾವಣೆಯಿಂದಲೂ ನೆರಳಿನ ದಿಕ್ಕಿನಿಂದಲೂ ಘಟನೆಯ ಕಾಲವನ್ನು 2015ರ ಮಾರ್ಚ್ ಕೊನೆ ಮತ್ತು ಏಪ್ರಿಲ್ ಆರಂಭದ ನಡುವೆ ನಿಲ್ಲಿಸಿತು. 2020ರಲ್ಲಿ ನಾಲ್ವರು ಸೈನಿಕರಿಗೆ ತಲಾ 10 ವರ್ಷಗಳ ಶಿಕ್ಷೆಯಾಯಿತು. ಅಧಿಕಾರಸ್ಥರು ‘ಸುಳ್ಳು’ ಎಂದದ್ದಕ್ಕೆ ಬೆಟ್ಟವೊಂದು ಉತ್ತರ ಹೇಳಿದ ಪ್ರಸಂಗವಿದು.

ಪರಿಶೀಲನೆಯಷ್ಟೇ ಮುಖ್ಯವಾದ, ಆದರೆ ಕಡಿಮೆ ಚರ್ಚೆಯಾಗುವ ಇನ್ನೊಂದು ಭಾಗ ಸಂರಕ್ಷಣೆ. ಲಿಬಿಯಾದ ಸೇನಾ ಕಮಾಂಡರ್ ಮಹಮೂದ್ ಅಲ್-ವೆರ್ಫಲ್ಲಿಯ ವಿರುದ್ಧ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2017ರ ಆಗಸ್ಟ್‌ನಲ್ಲಿ ಹೊರಡಿಸಿದ ಬಂಧನ ವಾರಂಟ್‌ಗೆ ಸಾಮಾಜಿಕ ಜಾಲತಾಣದ ವಿಡಿಯೊಗಳೂ ಆಧಾರವಾಗಿದ್ದವು. ಅದೇ ವರ್ಷ ಯೂಟ್ಯೂಬಿನ ಸ್ವಯಂಚಾಲಿತ ಶೋಧಕವು ಉಗ್ರವಾದದ ವಿಡಿಯೊಗಳನ್ನು ಅಳಿಸುವ ಭರದಲ್ಲಿ ಸಿರಿಯಾ ಯುದ್ಧವನ್ನು ದಾಖಲಿಸಿದ್ದ ಸಾವಿರಾರು ವಿಡಿಯೊಗಳನ್ನೂ ತೆಗೆದುಹಾಕಿತು. ಆದ್ದರಿಂದಲೇ ‘ಸಿರಿಯನ್ ಆರ್ಕೈವ್’ನಂಥ ಸಂಸ್ಥೆಗಳು ವಿಡಿಯೊ ಕಂಡ ಕೂಡಲೇ ಪ್ರತಿ ಇಳಿಸಿಕೊಂಡು, ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನು ದಾಖಲಿಸುತ್ತವೆ; ಮುಂದೆ ಕಡತದಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಹೊಂದುವುದಿಲ್ಲ. ಇಂಥ ಕ್ರಮಗಳನ್ನು ನ್ಯಾಯಾಲಯಗಳು ಒಪ್ಪುವ ಮಟ್ಟಕ್ಕೆ ತರಲು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರ 2020ರಲ್ಲಿ ‘ಬರ್ಕ್‌ಲಿ ಪ್ರೋಟೊಕಾಲ್’ ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿದವು. ಚಿತ್ರೀಕರಿಸಿದವರ ಸುರಕ್ಷತೆ, ಹಿಂಸೆಯ ದೃಶ್ಯಗಳನ್ನು ದಿನವಿಡೀ ನೋಡುವ ತನಿಖೆದಾರರ ಮನಃಸ್ಥಿತಿ ಇವುಗಳ ಬಗೆಗೂ ಅದರಲ್ಲಿ ಸೂಚನೆಗಳಿವೆ.

ಈ ವಿಧಾನಕ್ಕೊಂದು ಓರೆಯೂ ಇದೆ. ಫೋನು, ಅಂತರಜಾಲ ಇಲ್ಲದ ಪ್ರದೇಶದ ದೌರ್ಜನ್ಯವಾಗಲಿ, ಬಾಗಿಲ ಹಿಂದೆ ನಡೆಯುವ ಚಿತ್ರಹಿಂಸೆ, ಲೈಂಗಿಕ ಹಿಂಸೆಗಳಾಗಲಿ ಪರದೆಯ ಮೇಲೆ ಕಾಣಸಿಗುವುದು ಅಪರೂಪ. ಅಲ್ಲಿ ಸಂತ್ರಸ್ತರ ಎದುರು ಕುಳಿತು ಹೇಳಿಕೆ ಪಡೆಯುವ ಹಳೆಯ ಕ್ರಮವೇ ಇಂದಿಗೂ ಮುಖ್ಯ ಆಕರ.