ಅಕ್ಕ ಹಾಕಿದ ಅರ್ಜಿ ಅಪ್ರೂವ್ ಆಗಿದೆ, ವೀಸಾ ಯಾಕೆ ಇನ್ನೂ ಬಂದಿಲ್ಲ?

ಪ್ರಶ್ನೆ: ನನ್ನ ಅಕ್ಕ ಅಮೆರಿಕದ ಸಿಟಿಜನ್. 2012ರಲ್ಲಿ ನಮಗಾಗಿ ಐ-130 ಅರ್ಜಿ (ಸಂಬಂಧಿಕರನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಹಾಕುವ ವಲಸೆ ಅರ್ಜಿ) ಹಾಕಿದರು. 2017ರಲ್ಲಿ ಅದು ಅಪ್ರೂವ್ ಆಯಿತು ಅಂತ ಪತ್ರ ಬಂತು. ಆಮೇಲೆ ಸುದ್ದಿಯೇ ಇಲ್ಲ. ಇನ್ನೆಷ್ಟು ವರ್ಷ ಕಾಯಬೇಕು? ಮಗಳಿಗೆ ಈಗ 14 ವರ್ಷ. ಅವಳಿಗೂ ನಮ್ಮ ಜೊತೆ ವೀಸಾ ಸಿಗುತ್ತಾ?

ಉತ್ತರ: ಕರ್ನಾಟಕದಲ್ಲಿ ಇಂಥ ಪತ್ರವನ್ನು ಬೀರುವಿನಲ್ಲಿಟ್ಟುಕೊಂಡು ಕಾಯುತ್ತಿರುವ ಮನೆಗಳು ಬಹಳ ಇವೆ. ನಿಮ್ಮ ಕೇಸಿನಲ್ಲಿ ಏನೋ ತಪ್ಪಾಗಿದೆ ಅಂತ ಗಾಬರಿಯಾಗಬೇಡಿ. 2017ರ ಪತ್ರ ಹೇಳಿದ್ದು ಇಷ್ಟೇ: ಅರ್ಜಿ ಹಾಕಿದವರು ಅಮೆರಿಕದ ಸಿಟಿಜನ್ ಹೌದು, ನೀವಿಬ್ಬರೂ ಒಡಹುಟ್ಟಿದವರು ಹೌದು. ವೀಸಾ ಕೊಡುವ ವಿಷಯ ಅಲ್ಲಿಂದಾಚೆಗೆ ಶುರುವಾಗುತ್ತದೆ, ಮತ್ತು ಅದು ನಡೆಯುವುದು ಸಂಖ್ಯೆಯ ಲೆಕ್ಕದಲ್ಲಿ.

ಸಿಟಿಜನ್ ಆದವರು ತಮ್ಮ ಗಂಡ ಅಥವಾ ಹೆಂಡತಿ, 21 ದಾಟದ ಮದುವೆಯಾಗದ ಮಕ್ಕಳು, ಮತ್ತು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ಒಡಹುಟ್ಟಿದವರಿಗೆ ಮಿತಿ ಇದೆ. ಇವರ ವರ್ಗದ ಹೆಸರು ಎಫ್4. ಇಡೀ ಪ್ರಪಂಚಕ್ಕೆ ಸೇರಿ ವರ್ಷಕ್ಕೆ ಸುಮಾರು 65,000 ವೀಸಾ. ಈ ಸಂಖ್ಯೆ 1990ರ ಕಾನೂನಿನಲ್ಲಿ ನಿಗದಿಯಾದದ್ದು, ಇವತ್ತಿಗೂ ಅದೇ. ಇದರಲ್ಲಿ ಅಕ್ಕ, ತಂಗಿ, ಅಣ್ಣ, ತಮ್ಮ ಮಾತ್ರವಲ್ಲ, ಅವರ ಸಂಗಾತಿ ಮತ್ತು ಮಕ್ಕಳೂ ಸೇರುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆ ಅಂದರೆ ಒಂದೇ ಅರ್ಜಿಗೆ ನಾಲ್ಕು ವೀಸಾ ಖರ್ಚು.

ಇದರ ಮೇಲೆ, ವರ್ಷದ ವೀಸಾಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದು ಎಂಬ ಮಿತಿಯೂ ಇದೆ. ಭಾರತದವರು ಕಾಯುವುದಕ್ಕೆ ಈ 7ರ ನಿಯಮವೇ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ಉದ್ಯೋಗದ ಮೇಲೆ ಗ್ರೀನ್ ಕಾರ್ಡ್ ಕಾಯುತ್ತಿರುವ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಮಟ್ಟಿಗೆ ಅದು ಸರಿಯಾದ ಮಾತು. ಎಫ್4ರಲ್ಲಿ ಅಷ್ಟು ಸರಿ ಅಲ್ಲ. 2025ರಲ್ಲಿ ಭಾರತದವರಿಗೆ 2006ರ ಅರ್ಜಿಗಳು ನಡೆಯುತ್ತಿದ್ದವು. ಬೇರೆ ಬಹುತೇಕ ದೇಶಗಳಿಗೆ ನಡೆಯುತ್ತಿದ್ದದ್ದು 2007, 2008ರ ಆಸುಪಾಸಿನವು. ಮೆಕ್ಸಿಕೋದವರು ಇನ್ನೂ 2001ರಲ್ಲಿದ್ದರು. ಅಂದರೆ ಎಲ್ಲರೂ ಕಾಯುತ್ತಿದ್ದಾರೆ. ಒಟ್ಟು ಸಂಖ್ಯೆಯೇ ಸಾಲದು.

ನಿಮ್ಮ ಜಾಗ ಯಾವುದು ಅಂತ ಹೇಳುವುದು ಪ್ರಯಾರಿಟಿ ಡೇಟ್. ಅಕ್ಕನ ಅರ್ಜಿ ಅಮೆರಿಕದ ಇಮಿಗ್ರೇಷನ್ ಇಲಾಖೆಯ ಕೈಸೇರಿದ ದಿನ ಅದು. ಅಪ್ರೂವ್ ಆದ ದಿನ ಅಲ್ಲ. ಪತ್ರದಲ್ಲಿ ಅದು ಅಚ್ಚಾಗಿರುತ್ತದೆ, ತೆಗೆದು ನೋಡಿ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ಕುಟುಂಬದ ವೀಸಾಗಳಿಗೆ ಎರಡು ಪಟ್ಟಿಗಳಿವೆ. ವೀಸಾ ಕೈಗೆ ಸಿಗುವುದು ಫೈನಲ್ ಆ್ಯಕ್ಷನ್ ಪಟ್ಟಿಯ ದಿನಾಂಕ ನಿಮ್ಮ ದಿನಾಂಕವನ್ನು ದಾಟಿದಾಗ. ಇನ್ನೊಂದು, ಡೇಟ್ಸ್ ಫಾರ್ ಫೈಲಿಂಗ್, ಸ್ವಲ್ಪ ಮುಂದಿರುತ್ತದೆ. ಅದು ದಾಟಿದರೆ ಕಾಗದಪತ್ರ ಸೇರಿಸಲು ಕರೆ ಬರುತ್ತದೆ, ಅಷ್ಟೇ. ಎರಡನೆಯದನ್ನು ನೋಡಿ ನಮ್ಮದು ಬಂದೇಬಿಟ್ಟಿತು ಅಂತ ಕೆಲಸಕ್ಕೆ ರಾಜೀನಾಮೆ ಕೊಡಬಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಇನ್ನೆಷ್ಟು ವರ್ಷ? ಬುಲೆಟಿನ್ 2006ರಲ್ಲಿದೆ, ನಮ್ಮದು 2012, ಹಾಗಾದರೆ ಇನ್ನು ಆರು ವರ್ಷ ಅಂತ ಲೆಕ್ಕ ಹಾಕುವವರೇ ಜಾಸ್ತಿ. ದಯವಿಟ್ಟು ಹಾಗೆ ಹಾಕಬೇಡಿ. ಬುಲೆಟಿನ್‌ನಲ್ಲಿ ಒಂದು ವರ್ಷ ಮುಂದೆ ಹೋಗಲು ಕ್ಯಾಲೆಂಡರಿನಲ್ಲಿ ಒಂದೇ ವರ್ಷ ಸಾಕಾಗುವುದಿಲ್ಲ. 2019ರ ಕೊನೆಗೆ ಭಾರತದ ಎಫ್4 ದಿನಾಂಕ 2004ರಲ್ಲಿತ್ತು. 2025ರ ಕೊನೆಗೆ 2006ರಲ್ಲಿತ್ತು. ಆರು ವರ್ಷಕ್ಕೆ ಸುಮಾರು ಎರಡು ವರ್ಷದಷ್ಟು ಚಲನೆ. ಎಷ್ಟೋ ತಿಂಗಳು ದಿನಾಂಕ ನಿಂತಲ್ಲೇ ನಿಲ್ಲುತ್ತದೆ. ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ.

ಆ ಆರು ವರ್ಷದಲ್ಲಿ ಕೋವಿಡ್ ಇತ್ತು ಅನ್ನುವುದೂ ನಿಜ. 2020ರ ಮಾರ್ಚ್‌ನಲ್ಲಿ ಕಾನ್ಸುಲೇಟ್‌ಗಳು ಬಾಗಿಲು ಹಾಕಿದವು. ಏಪ್ರಿಲ್‌ನಲ್ಲಿ ಬಂದ ಅಧ್ಯಕ್ಷರ ಆದೇಶದಿಂದ ಒಡಹುಟ್ಟಿದವರ ವೀಸಾ ನಿಂತಿತು. ಅದು ರದ್ದಾದದ್ದು 2021ರ ಫೆಬ್ರವರಿಯಲ್ಲಿ. ಆ ಹೊತ್ತಿನಲ್ಲಿ ಬಳಕೆಯಾಗದೆ ಉಳಿದ ಕುಟುಂಬ ವೀಸಾಗಳು ಮುಂದಿನ ವರ್ಷ ಕುಟುಂಬದವರಿಗೆ ವಾಪಸ್ ಬರಲಿಲ್ಲ. ಕಾನೂನಿನ ಪ್ರಕಾರ ಅವು ಉದ್ಯೋಗದ ವರ್ಗಕ್ಕೆ ಹೋದವು. ಸಾಮಾನ್ಯವಾಗಿ 1,40,000 ಇರುವ ಉದ್ಯೋಗ ವೀಸಾ 2021ರ ಹಣಕಾಸು ವರ್ಷದಲ್ಲಿ 2,62,000 ಆಯಿತು. ಬೆಂಗಳೂರು, ಮೈಸೂರಿನಿಂದ ಹೋದ ಎಷ್ಟೋ ಹುಡುಗರಿಗೆ ಆಗ ಗ್ರೀನ್ ಕಾರ್ಡ್ ಬೇಗ ಸಿಕ್ಕಿದ್ದು ಇದರಿಂದಲೇ. ಅವರ ಮೇಲೆ ಬೇಸರ ಬೇಡ, ಅವರೂ ಕಾದವರೇ. ಆದರೆ ಅಕ್ಕ ತಂಗಿಯರ ಸಾಲಿಗೆ ಆದ ನಷ್ಟ ತುಂಬಿಬರಲಿಲ್ಲ.

ಹಾಗಾಗಿ ನೇರವಾಗಿ ಹೇಳುತ್ತೇನೆ. ಇದೇ ವೇಗ ಮುಂದುವರಿದರೆ ನಿಮ್ಮದು ಹದಿನೈದು ವರ್ಷಕ್ಕಿಂತ ಹೆಚ್ಚೇ ಆಗಬಹುದು. ಮುಂದೆ ನಿಂತವರಲ್ಲಿ ಕೆಲವರು ಮನಸ್ಸು ಬದಲಿಸುತ್ತಾರೆ, ಕೆಲವರು ಬೇರೆ ದಾರಿಯಲ್ಲಿ ಹೋಗುತ್ತಾರೆ, ಆಗ ಸ್ವಲ್ಪ ಬೇಗ ಆಗಲೂಬಹುದು. ಇಂಥ ವರ್ಷವೇ ಬರುತ್ತದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಮಗಳ ವಿಷಯಕ್ಕೆ ಬರೋಣ. ನಿಮ್ಮ ಜೊತೆ ಬರಲು ಅವಳು 21 ತುಂಬದವಳು, ಮದುವೆಯಾಗದವಳು ಆಗಿರಬೇಕು. ಅರ್ಜಿ ಹಾಕಿದಾಗ ಹುಟ್ಟಿರದಿದ್ದ ಮಕ್ಕಳು 21 ದಾಟಿ ಕೈತಪ್ಪುವಷ್ಟು ಉದ್ದದ ಕಾಯುವಿಕೆ ಇದು. ಇದಕ್ಕೆ ಸ್ವಲ್ಪ ಪರಿಹಾರವಾಗಿ 2002ರಲ್ಲಿ ಒಂದು ಕಾನೂನು ಬಂತು. ಅಕ್ಕನ ಅರ್ಜಿ ಇಲಾಖೆಯಲ್ಲಿ ಎಷ್ಟು ಕಾಲ ತೀರ್ಮಾನವಾಗದೆ ಕೂತಿತ್ತೋ ಅಷ್ಟನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ನಿಮ್ಮದು 2012ರಿಂದ 2017, ಅಂದರೆ ಸುಮಾರು ಐದು ವರ್ಷ. ಫೈನಲ್ ಆ್ಯಕ್ಷನ್ ಪಟ್ಟಿ ನಿಮ್ಮ ದಿನಾಂಕಕ್ಕೆ ಬಂದಾಗ ಮಗಳಿಗೆ 25 ಆಗಿದ್ದರೆ, ಐದು ಕಳೆದು 20. ವೀಸಾ ಸಿಗುತ್ತದೆ. ಆಗ 27 ಆಗಿದ್ದರೆ, ಐದು ಕಳೆದರೂ 22. ಸಿಗುವುದಿಲ್ಲ. ಅರ್ಜಿ ನಿಧಾನವಾಗಿ ಅಪ್ರೂವ್ ಆಯಿತು ಅಂತ ಆಗ ಬೇಜಾರು ಮಾಡಿಕೊಂಡಿರುತ್ತೀರಿ. ಆ ತಡವೇ ಇಲ್ಲಿ ಮಗಳಿಗೆ ನೆರವಾಗುತ್ತದೆ. ಆದರೆ ಅಪ್ರೂವ್ ಆದ ಮೇಲೆ ಸಾಲಿನಲ್ಲಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ದಿನಾಂಕ ಬಂದು ಒಂದು ವರ್ಷದೊಳಗೆ ಅವಳ ಪರವಾಗಿ ಶುಲ್ಕ ಕಟ್ಟುವುದು ಅಥವಾ ಫಾರಂ ಸಲ್ಲಿಸುವುದು ಕೂಡ ಆಗಿರಬೇಕು.

ವಯಸ್ಸು ದಾಟಿದ ಮಕ್ಕಳಿಗೆ ಅಪ್ಪ ಅಮ್ಮನ ಹಳೆಯ ದಿನಾಂಕವಾದರೂ ಉಳಿಯಬೇಕು ಅಂತ ಕೆಲವು ಕುಟುಂಬಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಫ್4 ವರ್ಗದ ಮಕ್ಕಳಿಗೆ ಅದು ಸಿಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅಂಥ ಮಕ್ಕಳಿಗೆ ನೀವು ಗ್ರೀನ್ ಕಾರ್ಡ್ ಪಡೆದ ಮೇಲೆ ಹೊಸದಾಗಿ ಅರ್ಜಿ ಹಾಕಬೇಕು, ಹೊಸ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ನಿಮ್ಮ ಮಗಳ ಲೆಕ್ಕ ಹಾಕಿದರೆ, ಅವಳಿಗೆ 26 ತುಂಬುವುದರೊಳಗೆ ದಿನಾಂಕ ಬರಬೇಕು. ಅದಕ್ಕೆ ಇನ್ನು 12 ವರ್ಷವೂ ಇಲ್ಲ. ಈಗಿನ ವೇಗದಲ್ಲಿ ಅದು ಕಷ್ಟ. ಹೇಳಲು ನನಗೂ ಸಂಕಟವಾಗುತ್ತದೆ, ಆದರೆ ನಿಮಗೆ ಇದು ಈಗಲೇ ಗೊತ್ತಿರಬೇಕು. ಅವಳ ಪಿಯುಸಿ, ಕಾಲೇಜು, ಕೆಲಸ, ಮದುವೆ ಯಾವುದನ್ನೂ ಈ ವೀಸಾಗಾಗಿ ಮುಂದೂಡಬೇಡಿ. ಅಮೆರಿಕದಲ್ಲೇ ಓದುವ ಆಸೆ ಅವಳಿಗಿದ್ದರೆ ವಿದ್ಯಾರ್ಥಿ ವೀಸಾ ಬೇರೆ ದಾರಿ, ಅದನ್ನು ಅದರ ಪಾಡಿಗೆ ಯೋಚಿಸಿ.

ಕಾಯುವ ಕಾಲದಲ್ಲಿ ನಿಮ್ಮ ಕೈಯಲ್ಲಿರುವ ಕೆಲಸ ಕೇಸ್ ಸಾಯದಂತೆ ನೋಡಿಕೊಳ್ಳುವುದು. ಅಪ್ರೂವ್ ಆದ ಅರ್ಜಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗಿರುತ್ತದೆ. 2012ರಲ್ಲಿ ಕೊಟ್ಟ ಇಮೇಲ್ ಈಗಲೂ ನಡೆಯುತ್ತಿದೆಯಾ? ಅಕ್ಕ ಮನೆ ಬದಲಿಸಿದ್ದಾರಾ? ಬದಲಾಗಿದ್ದರೆ ಸೆಂಟರ್‌ಗೆ ತಿಳಿಸಿ. ಸರದಿ ಬಂದಿದೆ ಅಂತ ಅವರು ಬರೆದ ಮೇಲೆ ಒಂದು ವರ್ಷ ಉತ್ತರ ಕೊಡದಿದ್ದರೆ ಕೇಸ್ ರದ್ದಾಗುವ ಅಪಾಯ ಇದೆ. ಇಷ್ಟು ವರ್ಷ ಕಾದು ಒಂದು ಇಮೇಲ್ ನೋಡದೆ ಕಳೆದುಕೊಳ್ಳುವುದು ಯಾರಿಗೂ ಬೇಡ.

ಇನ್ನೊಂದು ಕಹಿ ವಿಷಯ. ಅರ್ಜಿ ಹಾಕಿದ ಅಕ್ಕ ಅಥವಾ ಅಣ್ಣ ನಡುವೆ ತೀರಿಕೊಂಡರೆ ಅರ್ಜಿ ತಾನಾಗಿ ರದ್ದಾಗುತ್ತದೆ. ಮಾನವೀಯ ಕಾರಣ ಕೊಟ್ಟು ಮತ್ತೆ ಜೀವ ಕೊಡಿ ಅಂತ ಕೇಳಬಹುದು, ಅದಕ್ಕೆ ಬೇರೆ ಹತ್ತಿರದ ಸಂಬಂಧಿಯೊಬ್ಬರು ಹಣಕಾಸಿನ ಹೊಣೆ ಹೊರಬೇಕು. ಒಪ್ಪುವುದು ಬಿಡುವುದು ಅಧಿಕಾರಿಗಳ ವಿವೇಚನೆ.

ನಮ್ಮ ಕಡೆಯ ಕಾಗದಪತ್ರಗಳ ತೊಡಕು ಮಾತ್ರ ಈಗಲೇ ಬಿಡಿಸಬಹುದಾದದ್ದು. ಹಳ್ಳಿಯಲ್ಲಿ ಮನೆಯಲ್ಲೇ ಹುಟ್ಟಿದವರ ಜನನ ನೋಂದಣಿ ಎಷ್ಟೋ ಸಲ ಆಗಿರುವುದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದಿರುತ್ತಾರೆ, ಅದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಬಂದಿರುತ್ತದೆ. ಅಪ್ಪನ ಹೆಸರು ಒಂದು ಕಡೆ ರಾಮಪ್ಪ, ಇನ್ನೊಂದು ಕಡೆ ರಾಮಣ್ಣ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಬಿಡಿಸಿ ಹಿಂದೆ. ಅಕ್ಕ ತಂಗಿ ಅಂತ ತೋರಿಸುವುದೇ ಇಬ್ಬರ ದಾಖಲೆಯಲ್ಲೂ ಇರುವ ಅಪ್ಪ ಅಮ್ಮನ ಹೆಸರು, ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪತ್ರ, ಶಾಲೆಯ ದಾಖಲೆ, ಹುಟ್ಟಿದ್ದು ತಿಳಿದ ಹಿರಿಯರ ಅಫಿಡವಿಟ್ ಬೇಕಾಗುತ್ತವೆ. ಆ ಹಿರಿಯರು ಇರುವಾಗಲೇ ಬರೆಸಿಟ್ಟುಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗ ಮಾಡಿಸಬೇಡಿ, ಸರದಿ ಬರುವಷ್ಟರಲ್ಲಿ ಹಳತಾಗುತ್ತದೆ.

ಸರದಿ ಬಂದ ಮೇಲೆ ತಲಾ 325 ಡಾಲರ್ ವೀಸಾ ಶುಲ್ಕ, ಡಿಎಸ್-260 ಎಂಬ ವಲಸೆ ವೀಸಾ ಫಾರಂ, ಅಕ್ಕನಿಂದ ಐ-864 ಹಣಕಾಸು ಭರವಸೆ ಪತ್ರ, ಮೆಡಿಕಲ್, ಕೊನೆಗೆ ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನ. (ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ಆಗ ವೀಸಾ ಸೇವೆ ಶುರುವಾಗಿರಲಿಲ್ಲ.) ಅಕ್ಕನ ಆದಾಯ ಅಲ್ಲಿನ ಬಡತನದ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕು. ಅಷ್ಟು ಹೊತ್ತಿಗೆ ಅವರು ರಿಟೈರ್ ಆಗಿದ್ದರೆ ಅಲ್ಲಿರುವ ಇನ್ನೊಬ್ಬ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರು ಜೊತೆಗೆ ಸಹಿ ಹಾಕಬಹುದು.

ಈ ನಡುವೆ ಅಕ್ಕನ ಮನೆಗೆ ಪ್ರವಾಸಿ ವೀಸಾದಲ್ಲಿ ಹೋಗಿ ಬರಬಹುದಾ ಅಂತಲೂ ಕೇಳುತ್ತಾರೆ. ಅರ್ಜಿ ಇದೆ ಅನ್ನುವ ಕಾರಣಕ್ಕೇ ತಡೆ ಇಲ್ಲ. ಆದರೆ ಪ್ರವಾಸಿ ವೀಸಾಗೆ ತುಂಬುವ ಡಿಎಸ್-160 ಫಾರಂನಲ್ಲಿ ನಿಮಗಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರಾ ಎಂಬ ಪ್ರಶ್ನೆ ಇದೆ. ಅಲ್ಲಿ ಹೌದು ಅಂತಲೇ ಬರೆಯಿರಿ. ಇಲ್ಲಿನ ಕೆಲಸ, ಜಮೀನು, ಮಗಳ ಓದು, ವಾಪಸ್ ಬರುವ ಕಾರಣಗಳನ್ನು ಸಂದರ್ಶನದಲ್ಲಿ ಹೇಳಿ. ಸುಳ್ಳು ಬರೆದದ್ದು ಗೊತ್ತಾದರೆ ಪ್ರವಾಸಿ ವೀಸಾ ಜೊತೆಗೆ 2012ರಿಂದ ಕಾದ ವಲಸೆ ವೀಸಾ ಕೂಡ ಶಾಶ್ವತವಾಗಿ ಕೈತಪ್ಪಬಹುದು. ಏಜೆಂಟರು ಯಾರಾದರೂ ಇಲ್ಲ ಅಂತ ಬರೆಯಿರಿ ಅಂದರೆ, ಅಥವಾ ದುಡ್ಡು ಕೊಟ್ಟರೆ ಎಫ್4 ಬೇಗ ಮಾಡಿಸುತ್ತೇನೆ ಅಂದರೆ, ಒಪ್ಪಬೇಡಿ. ಐ-130ಕ್ಕೆ ಹೆಚ್ಚು ಹಣ ಕಟ್ಟಿ ಬೇಗ ತೀರ್ಮಾನ ಪಡೆಯುವ ಪ್ರೀಮಿಯಂ ಸೇವೆ ಇಲ್ಲ, ಸಾಲಿನಲ್ಲಿ ಮುಂದೆ ಹೋಗಲು ಹಣ ಕಟ್ಟುವ ದಾರಿಯೂ ಇಲ್ಲ.