ಅಂಚು ಕತ್ತರಿಸಬೇಡಿ ಅಂತ ಮೊದಲೇ ಹೇಳಿ

ಹಳೇ ಪುಸ್ತಕ ಬೈಂಡಿಂಗ್‌ಗೆ ಕೊಡುವಾಗ ಹೆಚ್ಚಿನವರು ಎರಡೇ ಮಾತು ಕೇಳುತ್ತಾರೆ. ಎಷ್ಟಾಗುತ್ತೆ? ಯಾವಾಗ ಸಿಗುತ್ತೆ? ಇನ್ನೊಂದು ಮಾತನ್ನು ನೀವೇ ಹೇಳಬೇಕು: "ಅಂಚು ಕತ್ತರಿಸಬೇಡಿ." ಯಾಕೆ ಅಂತ ಹೇಳುತ್ತೇನೆ.

ಹೋದ ಆಷಾಢದಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತುಮಕೂರಿನ ನಮ್ಮ ಅಂಗಡಿಗೆ ಒಂದು ನಿಘಂಟು ತಂದರು. ಅವರ ತಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ಅದಾಗಲೇ ಮೂರು ಸಲ ಬೈಂಡ್ ಆಗಿತ್ತು. ಪುಟಗಳ ಅಂಚಿನಲ್ಲಿ ತಂದೆಯವರು ಪೆನ್ಸಿಲ್‌ನಲ್ಲಿ ನಮ್ಮ ಕಡೆಯ ಮಾತುಗಳನ್ನು ಬರೆದಿಟ್ಟಿದ್ದರು. ತೋಟದ ಮಾತು, ದನಕರುಗಳ ಮಾತು, ನಿಘಂಟಿನಲ್ಲಿ ಇಲ್ಲದ ಮಾತು. ಆದರೆ ಎಷ್ಟೋ ಪದಗಳ ಕೊನೆಯ ಎರಡು ಮೂರು ಅಕ್ಷರ ಇರಲಿಲ್ಲ. "ನೋಡಪ್ಪ, ನಮ್ಮಪ್ಪ ಬರೆದದ್ದರಲ್ಲಿ ಅರ್ಧ ಮಷಿನ್ನಿಗೆ ಹೋಗಿದೆ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಹೀಗಾಗುವುದು ಹೇಗೆ ಅಂದರೆ, ಬೈಂಡ್ ಆದ ಮೇಲೆ ಪುಸ್ತಕ ನೀಟಾಗಿ ಕಾಣಲಿ ಅಂತ ಮೂರು ಕಡೆ ಕಟಿಂಗ್ ಮಷಿನ್‌ಗೆ ಕೊಡುತ್ತಾರೆ. ಒಂದು ಸಲಕ್ಕೆ ಎರಡು ಮೂರು ಮಿಲಿಮೀಟರ್ ಹೋಗುತ್ತದೆ. ಮೂರು ಸಲಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ನಾಲ್ಕನೇ ಕಡೆ, ಅಂದರೆ ಬೆನ್ನಿನ ಕಡೆಯನ್ನು ಸೈಡ್ ಹೊಲಿಗೆ ತಿನ್ನುತ್ತದೆ. ಪುಸ್ತಕವನ್ನು ಮಲಗಿಸಿ, ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಒಳಗೆ ದಬ್ಬಣದಲ್ಲಿ ತೂತು ಹೊಡೆದು, ಮೇಲಿಂದ ಕೆಳಕ್ಕೆ ದಾರ ಎಳೆದು ಬಿಗಿಯುವುದು ಇದು. ಹಾಗೆ ಹೊಲಿದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಸಾಲಿನ ಮೊದಲ ಅಕ್ಷರಗಳು ಸಂದಿಯಲ್ಲಿ ಅಡಗುತ್ತವೆ. ಓದುವವರು ಹೆಬ್ಬೆರಳಿನಿಂದ ಅದುಮಿ ಬಿಡಿಸುತ್ತಾರೆ. ಆಗ ಹೊಲಿಗೆಯ ಗೆರೆ ಹಿಡಿದೇ ಹಾಳೆ ಹರಿಯುತ್ತದೆ, ಮತ್ತೆ ಬೈಂಡಿಂಗ್‌ಗೆ ಬರುತ್ತದೆ. ಮತ್ತೆ ಕತ್ತರಿ.

ಇದನ್ನು ಮಾಡುವವರನ್ನು ನಾನು ಬೈಯುವುದಿಲ್ಲ. ಸೈಡ್ ಹೊಲಿಗೆ ಬೇಗ ಮುಗಿಯುವ ಕೆಲಸ. ಲೆಕ್ಕದ ಪುಸ್ತಕಕ್ಕೆ, ರಿಜಿಸ್ಟರ್‌ಗೆ ಅದೇ ಸರಿ. ಆದರೆ ಐವತ್ತು ಅರವತ್ತು ವರ್ಷದ ಪುಸ್ತಕ ಅದನ್ನು ತಡೆಯುವುದಿಲ್ಲ.

ಹಳೇ ಪುಸ್ತಕ ಕೈಗೆ ಬಂದರೆ ನಾನು ಮೊದಲು ಬೆನ್ನಿನ ತಲೆ ನೋಡುತ್ತೇನೆ. ಮಡಿಕೆ ಮಡಿಕೆಯಾಗಿ ಕಂಡರೆ ಅದು ಫಾರಂ ಲೆಕ್ಕದಲ್ಲಿ ಕಟ್ಟಿದ ಪುಸ್ತಕ. ದೊಡ್ಡ ಹಾಳೆಯಲ್ಲಿ ಪುಟಗಳನ್ನು ಒಟ್ಟಿಗೆ ಅಚ್ಚು ಮಾಡಿ, ಮಡಿಸಿ, ಒಂದೊಂದು ಕಂತೆ ಮಾಡಿರುತ್ತಾರೆ. ಅದೇ ಫಾರಂ. 16 ಪುಟದ್ದು ಸಾಮಾನ್ಯ, 8 ಪುಟದ್ದೂ ಉಂಟು. ಎಷ್ಟೋ ಪುಸ್ತಕಗಳಲ್ಲಿ ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಸಣ್ಣದಾಗಿ ಅದರ ನಂಬರ್ ಇರುತ್ತದೆ. ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ, ನಮಗೆ ಅದೇ ದಾರಿ ತೋರಿಸುತ್ತದೆ. ಬೆಲೆ ಆಣೆಯಲ್ಲಿ ಇದ್ದರೆ ನನಗೆ ಇನ್ನೂ ಖುಷಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ನಾನು ಕಂಡವು ಹೆಚ್ಚಾಗಿ ಫಾರಂ ಹೊಲಿಗೆಯವೇ.

ಮೇಷ್ಟ್ರ ನಿಘಂಟಿನಲ್ಲಿ 704 ಪುಟ ಇತ್ತು, 44 ಫಾರಂ. ಸೈಡ್ ಹೊಲಿಗೆ ಬಿಚ್ಚಿದಾಗ ಮಡಿಕೆಗಳೆಲ್ಲ ಹರಿದಿದ್ದವು. ಒಂದು ಫಾರಂಗೆ ನಾಲ್ಕು ಜೋಡಿ ಹಾಳೆ. ಒಟ್ಟು 176 ಮಡಿಕೆ. ಒಂದೊಂದಕ್ಕೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಜಪಾನಿ ಟಿಶ್ಯೂ ಪಟ್ಟಿ ಅಂಟಿಸಿ, ಬೇರೆಯಾದ ಎರಡು ಹಾಳೆಯನ್ನು ಮತ್ತೆ ಜೋಡಿ ಮಾಡಿದೆ. ಐದು ದಿನ ಅದೇ ಕೆಲಸ. ಸೆಲ್ಲೋ ಟೇಪ್ ಅಂಟಿಸಿದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು, ಅಲ್ವಾ? ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಉದುರಿಹೋದರೂ ಕಲೆ ಹೋಗುವುದಿಲ್ಲ. ದಯವಿಟ್ಟು ಮನೆಯಲ್ಲಿ ಟೇಪ್ ಹಾಕಬೇಡಿ. ಹರಿದದ್ದು ಹರಿದ ಹಾಗೆಯೇ ಕವರಿನಲ್ಲಿಟ್ಟು ತನ್ನಿ.

ಆಮೇಲೆ ಹೊಲಿಗೆ. ಫಾರಂನ ನಡುಮಡಿಕೆಯೊಳಗಿಂದ ಸೂಜಿ ಹೊರಗೆ ಬಂದು, ಬೆನ್ನಿನ ಮೇಲಿನ ನಾಡಾಪಟ್ಟಿಯನ್ನು ದಾಟಿ ಮತ್ತೆ ಒಳಗೆ ಹೋಗುತ್ತದೆ. ಕೊನೆಯಲ್ಲಿ ಕೆಳಗಿನ ಫಾರಂ ಜೊತೆ ಗಂಟು ಬೀಳುತ್ತದೆ. ದಾರಕ್ಕೆ ಜೇನುಮೇಣ ಸವರಿದರೆ ಜಾರುವುದಿಲ್ಲ, ಸಿಕ್ಕಾಗುವುದಿಲ್ಲ. ದಾರ ದಪ್ಪ ಆಯಿತೋ, 44 ಫಾರಂ ಸೇರಿ ಬೆನ್ನು ಊದಿಕೊಂಡು ಪುಸ್ತಕ ಒಂದು ಕಡೆಗೆ ಇಳಿಜಾರಾಗುತ್ತದೆ. ಹೀಗೆ ಹೊಲಿದ ಪುಸ್ತಕವನ್ನು ಮೇಜಿನ ಮೇಲಿಟ್ಟು ತೆರೆದರೆ ತಾನಾಗಿ ಬಿಚ್ಚಿಕೊಂಡು ಮಲಗುತ್ತದೆ. ಯಾರೂ ಅದುಮಬೇಕಿಲ್ಲ.

ಅಂಟಿನ ವಿಷಯದಲ್ಲಿ ನಾನು ಹಟಮಾರಿ. ಕಾಗದಕ್ಕೆ ನೇರವಾಗಿ ತಾಗುವ ಕಡೆಯೆಲ್ಲ ಮೈದಾ ಅಂಟೇ. ಒಂದು ಪಾಲು ಮೈದಾ, ಐದು ಪಾಲು ನೀರು. ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಲೇ ಇದ್ದರೆ ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬರುತ್ತದೆ. ಆರಿಸಿ, ಬಟ್ಟೆಯಲ್ಲಿ ಸೋಸಬೇಕು. ಹುಳ ಬೀಳದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುವ ರೂಢಿ ಇದೆ. ನಾನೂ ಕಲಿತದ್ದು ಹಾಗೆಯೇ, ಈಗ ಬಿಟ್ಟಿದ್ದೇನೆ. ಅದು ವಿಷ. ಅದರಲ್ಲಿರುವ ತಾಮ್ರ ಕಾಗದದ ನಾರನ್ನೂ ಬೇಗ ಕೆಡಿಸುತ್ತದೆ. ಬೇಕಾದಷ್ಟೇ ಕಾಯಿಸಿ ಎರಡು ದಿನದಲ್ಲಿ ಮುಗಿಸುತ್ತೇನೆ. ಹಿಟ್ಟಿನ ಅಂಟು ಪುಸ್ತಕ ತಿನ್ನುವ ಸಿಲ್ವರ್ ಫಿಶ್ ಹುಳಕ್ಕೆ ಇಷ್ಟ ಅನ್ನುವುದು ನಿಜ. ಆದರೆ ಅದಕ್ಕೆ ತೇವವೂ ಬೇಕು. ನಮ್ಮ ಕಡೆ ಮಳೆ ಜಾಸ್ತಿ ಬರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ. ಆಗಾಗ ತೆಗೆದು ಗಾಳಿಯಾಡಿಸಿ.

ಮರಗೆಲಸದ ಬಿಳಿ ಗೋಂದು ಗಟ್ಟಿಯೇ. ಅದು ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಮುಂದೆ ಬಿಚ್ಚಬೇಕಾದಾಗ ಕಾಗದವನ್ನೂ ಕಿತ್ತುಕೊಂಡೇ ಬರುತ್ತದೆ. ಹಿಟ್ಟಿನ ಅಂಟಾದರೆ ಒದ್ದೆ ಹತ್ತಿ ಇಟ್ಟು ಸ್ವಲ್ಪ ಕಾದರೆ ಸಾಕು, ಬಿಡುತ್ತದೆ.

ಹೊಲಿಗೆಯೇ ಇಲ್ಲದ ಈಚಿನ ಪುಸ್ತಕಗಳ ಕಥೆ ಬೇರೆ. ಬೆನ್ನನ್ನು ಕತ್ತರಿಸಿ ಬಿಸಿ ಅಂಟು ಹಾಕಿರುತ್ತಾರೆ. ಅದು ಒಣಗಿ ಬಿರುಕು ಬಿಟ್ಟರೆ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ಅಲ್ಲಿ ಹಿಟ್ಟಿನ ಅಂಟು ಸಾಲದು, ಬಾಗುವ ಗೋಂದೇ ಬೇಕು. ಹಾಳೆಗಳನ್ನು ಇಸ್ಪೀಟ್ ಎಲೆಯ ಹಾಗೆ ಒಂದು ಕಡೆಗೆ ಹರಡಿ ಸವರಿ, ಆಮೇಲೆ ಇನ್ನೊಂದು ಕಡೆಗೆ ಹರಡಿ ಸವರಬೇಕು. ಪ್ರತಿ ಹಾಳೆಯ ಎರಡೂ ಬದಿಗೆ ಕೂದಲೆಳೆಯಷ್ಟು ಗೋಂದು ಇಳಿಯುತ್ತದೆ. ತೂತಿಲ್ಲ, ಹೊಲಿಗೆಯಿಲ್ಲ.

ರಟ್ಟು ಕತ್ತರಿಸುವಾಗ ಎಳೆ ನೋಡಬೇಕು. ಮರಕ್ಕಿರುವ ಹಾಗೆ ಮಿಲ್ಲಿನ ಕಾಗದಕ್ಕೂ ರಟ್ಟಿಗೂ ಎಳೆ ಇರುತ್ತದೆ. ಅದು ಬೆನ್ನಿನ ಉದ್ದಕ್ಕೇ ಸಾಗಬೇಕು. ಅಡ್ಡ ಬಂದರೆ ಹೊದಿಕೆ ಒಣಗುವಾಗ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕ್ಯಾಲಿಕೋ ಬಟ್ಟೆ ಹೊದಿಸಿದ ಮೇಲೆ ಒಂದು ರಾತ್ರಿ ಭಾರ ಇಡುತ್ತೇನೆ. ಭಾರಕ್ಕೆ ನಮ್ಮಜ್ಜಿಯ ರಾಗಿ ಬೀಸುವ ಕಲ್ಲು.

ಕೆಲವು ಪುಸ್ತಕ ನಾನು ಬೈಂಡ್ ಮಾಡುವುದಿಲ್ಲ. ಖಾಲಿ ಹಾಳೆಯ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಮಡಿಸಿ ನೋಡುತ್ತೇನೆ. ಒಂದೆರಡು ಸಲಕ್ಕೇ ಮುರಿದುಬಿದ್ದರೆ ಮುಗಿಯಿತು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಹುಳಿ ಇರುತ್ತದೆ. ವರ್ಷ ಕಳೆದ ಹಾಗೆ ಅದು ಕಾಗದದ ನಾರನ್ನು ಒಳಗಿಂದಲೇ ತುಂಡು ಮಾಡುತ್ತದೆ. ಅಂಥ ಹಾಳೆಗೆ ಸೂಜಿ ತಾಗಿಸಿದರೆ ಪುಡಿಯಾಗುತ್ತದೆ. ಅದಕ್ಕೆ ಅಳತೆಗೆ ಸರಿಯಾಗಿ ರಟ್ಟಿನ ಪೆಟ್ಟಿಗೆ ಮಾಡಿಕೊಟ್ಟು, ಓದಲು ಒಂದು ಜೆರಾಕ್ಸ್ ತೆಗೆಸಿಕೊಳ್ಳಿ ಅನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆದರೂ ಹೇಳಲೇಬೇಕು.

ಮೇಷ್ಟ್ರು ನಿಘಂಟು ತೆಗೆದುಕೊಂಡು ಹೋಗಲು ಮಗಳನ್ನು ಕರೆದುಕೊಂಡು ಬಂದಿದ್ದರು. ಅಂಚು ಏರುತಗ್ಗಾಗಿಯೇ ಇತ್ತು. ಆ ಹುಡುಗಿ ಅದರ ಮೇಲೆ ಬೆರಳಾಡಿಸಿ, "ಇದನ್ನು ಸಮ ಮಾಡಲಿಲ್ವಾ ಅಣ್ಣ?" ಅಂದಳು. ಮೇಷ್ಟ್ರು ಪುಟ ತೆರೆದು ಅಪ್ಪನ ಪೆನ್ಸಿಲ್ ಅಕ್ಷರ ತೋರಿಸಿದರು. ಅವಳು ಮತ್ತೆ ಕೇಳಲಿಲ್ಲ. ಬೆನ್ನಿನ ಕಡೆ ಸೈಡ್ ಹೊಲಿಗೆಯಲ್ಲಿ ಮುಚ್ಚಿಹೋಗಿದ್ದ ಕೆಲವು ಮಾತುಗಳು ಈಗ ಕಾಣುತ್ತಿದ್ದವು. ಇಬ್ಬರೂ ಕೌಂಟರ್ ಹತ್ತಿರ ನಿಂತು ಅವನ್ನು ಒಂದೊಂದಾಗಿ ಓದಿದರು.

ಹಿಂದಿನ ರಟ್ಟಿನ ಒಳಗೆ, ಮೂಲೆಯಲ್ಲಿ, ನಾನು ಎಲ್ಲ ಪುಸ್ತಕಕ್ಕೂ ಬರೆಯುವ ಹಾಗೆ ಅದಕ್ಕೂ ಪೆನ್ಸಿಲ್‌ನಲ್ಲಿ ಬರೆದಿದ್ದೆ. ಅದು ಮುಂದಿನ ಬೈಂಡರ್‌ಗೆ: "ಫಾರಂ ಹೊಲಿಗೆ. ಮೈದಾ ಅಂಟು, ನೀರಿಗೆ ಬಿಡುತ್ತೆ. ಅಂಚು ಕತ್ತರಿಸಿಲ್ಲ."