ಮಕ್ಕಳು ಕಡಿಮೆ, ಮನೆಗಳು ಮಾತ್ರ ಜಾಸ್ತಿ: ಇದು ಹೇಗೆ?

ಓದುಗರ ಪ್ರಶ್ನೆ: ಕರ್ನಾಟಕದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿದೆ, ಜನಸಂಖ್ಯೆ ನಿಧಾನವಾಗಿ ಬೆಳೆಯುತ್ತಿದೆ ಅಂತ ಓದುತ್ತಿರುತ್ತೇವೆ. ಆದರೆ ನಾನಿರುವ ಬೆಂಗಳೂರಿನ ಬಡಾವಣೆಯಲ್ಲಿ ಒಂದು ಖಾಲಿ ಸೈಟೂ ಉಳಿದಿಲ್ಲ. ಇದ್ದ ಹೆಂಚಿನ ಮನೆಗಳನ್ನು ಕೆಡವಿ ಮೂರು ಮಹಡಿ ಎಬ್ಬಿಸುತ್ತಿದ್ದಾರೆ. ಈ ಮನೆಗಳಿಗೆಲ್ಲ ಯಾರು ಬರುತ್ತಿದ್ದಾರೆ? ಯಾವ ಲೆಕ್ಕ ಸರಿ?

ಎರಡೂ ಸರಿ. ಜನರ ಲೆಕ್ಕ ಬೇರೆ, ಸಂಸಾರಗಳ ಲೆಕ್ಕ ಬೇರೆ. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲನೆಯದು. ಆದರೆ ನಲ್ಲಿ, ಕರೆಂಟ್ ಮೀಟರ್, ಗ್ಯಾಸ್ ಕನೆಕ್ಷನ್ ಬೇಕಾಗುವುದು ತಲೆಗೊಂದರಂತೆ ಅಲ್ಲ, ಸಂಸಾರಕ್ಕೊಂದರಂತೆ. ನಮ್ಮ ರಾಜ್ಯದಲ್ಲಿ ಜನರಿಗಿಂತ ಜೋರಾಗಿ ಬೆಳೆದಿರುವುದು ಸಂಸಾರಗಳು.

2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5 ಕೋಟಿ 28 ಲಕ್ಷ ಇತ್ತು. 2011ಕ್ಕೆ ಅದು ಸುಮಾರು 6 ಕೋಟಿ 11 ಲಕ್ಷ ಆಯಿತು. ಅಂದರೆ ಹತ್ತು ವರ್ಷದಲ್ಲಿ ಶೇ 15.6ರಷ್ಟು ಏರಿಕೆ. ಅದೇ ಹತ್ತು ವರ್ಷದಲ್ಲಿ ಸಂಸಾರಗಳು ಸುಮಾರು 1 ಕೋಟಿ 2 ಲಕ್ಷದಿಂದ 1 ಕೋಟಿ 32 ಲಕ್ಷಕ್ಕೆ ಏರಿದವು. ಇದು ಶೇ 29ರ ಹತ್ತಿರ. ಜನರ ಏರಿಕೆಗೆ ಹೋಲಿಸಿದರೆ ಹೆಚ್ಚುಕಮ್ಮಿ ಎರಡು ಪಟ್ಟು. 2001ರಲ್ಲಿ ಒಂದು ಸಂಸಾರದಲ್ಲಿ ಸರಾಸರಿ ಐದು ಜನಕ್ಕಿಂತ ಸ್ವಲ್ಪ ಜಾಸ್ತಿ ಇದ್ದರು. 2011ರಲ್ಲಿ 4.6. ಬೆಂಗಳೂರು ನಗರ ಜಿಲ್ಲೆಯಲ್ಲಂತೂ ಆಗಲೇ ಸುಮಾರು ನಾಲ್ಕಕ್ಕೆ ಇಳಿದಿತ್ತು.

ಹಾಗಾದರೆ ಗಣತಿಯವರು ಒಂದು ಸಂಸಾರ ಅಂತ ಯಾವುದನ್ನು ಬರೆದುಕೊಳ್ಳುತ್ತಾರೆ? ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ರಕ್ತಸಂಬಂಧ ಅಲ್ಲ, ರೇಷನ್ ಕಾರ್ಡೂ ಅಲ್ಲ. ಒಟ್ಟಿಗೆ ವಾಸ ಮಾಡುತ್ತ, ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಸಂಸಾರ. ಪಾಳಿ ಕೆಲಸದಿಂದಾಗಿ ಒಬ್ಬರು ಎಂಟು ಗಂಟೆಗೆ, ಇನ್ನೊಬ್ಬರು ರಾತ್ರಿ ಒಂದಕ್ಕೆ ಉಂಡರೂ ಪರವಾಗಿಲ್ಲ. ಅಡುಗೆ ಒಂದೇ ಆಗಿದ್ದರೆ ಆಯಿತು.

ನೀವು ಹೇಳಿದಂಥ ಸೈಟನ್ನೇ ತಗೊಳ್ಳೋಣ. ವಿಜಯನಗರದಲ್ಲೋ ಲಗ್ಗೆರೆಯಲ್ಲೋ ಒಂದು 30–40 ಸೈಟು. ಕೆಳಗೆ ಅಪ್ಪ ಅಮ್ಮ, ಮೊದಲ ಮಹಡಿಯಲ್ಲಿ ದೊಡ್ಡ ಮಗನ ಸಂಸಾರ, ಎರಡನೆಯದರಲ್ಲಿ ಚಿಕ್ಕ ಮಗನದು. ಟೆರೇಸಿನ ಮೇಲಿನ ಶೀಟ್ ಮನೆಯಲ್ಲಿ ಬಾಡಿಗೆಗೆ ಇರುವ ಇಬ್ಬರು. ಮೆಟ್ಟಿಲ ಕೆಳಗೆ ಸಾಲಾಗಿ ನಾಲ್ಕು ಮೀಟರ್, ಐದನೆಯದು ನೀರಿನ ಮೋಟಾರಿಗೆ. ಗೇಟಿನ ಮೇಲೆ ಒಂದೇ ಹೆಸರು. ಬೀದಿಯಲ್ಲಿ ಯಾರನ್ನು ಕೇಳಿದರೂ ಅದು ಒಂದೇ ಮನೆ. ಗಣತಿಯವರು ಒಲೆ ಎಷ್ಟು ಅಂತ ಕೇಳುತ್ತಾರೆ. ಚಿಕ್ಕ ಮಗ-ಸೊಸೆ ಕೆಳಗೇ ಬಂದು ಊಟ ಮಾಡುವವರಾದರೆ ಒಟ್ಟು ಮೂರು ಸಂಸಾರ. ಅವರೂ ಬೇರೆ ಅಡುಗೆ ಮಾಡಿಕೊಳ್ಳುವವರಾದರೆ ನಾಲ್ಕು. ಕಟ್ಟಡ ಒಂದೇ, ಜನವೂ ಅಷ್ಟೇ. ಒಂದು ಒಲೆ ಹೆಚ್ಚಾದ ಕೂಡಲೇ ರಾಜ್ಯದ ಲೆಕ್ಕದಲ್ಲಿ ಒಂದು ಸಂಸಾರ ಹೆಚ್ಚಾಗುತ್ತದೆ.

ಇದೇ ನಿಯಮ ಬ್ಯಾಚುಲರ್‌ಗಳಿಗೂ ಅನ್ವಯ. ನಾಲ್ಕು ಹುಡುಗರು ಬಿ.ಟಿ.ಎಂ. ಲೇಔಟಿನಲ್ಲಿ ಒಂದು ಮನೆ ಹಿಡಿದು ಸರದಿ ಮೇಲೆ ಅನ್ನ ಸಾರು ಮಾಡಿಕೊಂಡರೆ, ಅವರಲ್ಲಿ ಒಬ್ಬ ಬೀದರಿನವನು, ಒಬ್ಬ ಪಟ್ನಾದವನು ಆಗಿದ್ದರೂ ಅದು ಒಂದೇ ಸಂಸಾರ. ಒಟ್ಟಿಗೆ ಅಡುಗೆ ಇಲ್ಲ, ಅವರವರ ಊಟ ಅವರವರದು ಅಂದರೆ ಒಬ್ಬೊಬ್ಬರೂ ಒಂದೊಂದು ಸಂಸಾರ. ಪಿ.ಜಿ., ಹಾಸ್ಟೆಲ್‌ಗಳದು ಬೇರೆ ಲೆಕ್ಕ. ಅಲ್ಲಿ ಎಷ್ಟೇ ಹಾಸಿಗೆ ಇರಲಿ, ಅಡುಗೆಮನೆ ಒಂದೇ ಆದ್ದರಿಂದ ಸಾಂಸ್ಥಿಕ ಮನೆ ಅಂತ ಒಂದಾಗಿ ಬರೆಯುತ್ತಾರೆ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಮಕ್ಕಳು ಕಡಿಮೆ ಆಗಿರುವುದು ಖಂಡಿತ ನಿಜ. 1971ರಿಂದ 81ರವರೆಗೆ ರಾಜ್ಯದ ಜನಸಂಖ್ಯೆ ಶೇ 26ಕ್ಕಿಂತ ಜಾಸ್ತಿ ಬೆಳೆದಿತ್ತು. ಆಮೇಲಿನ ಪ್ರತಿ ದಶಕದಲ್ಲೂ ಈ ವೇಗ ಇಳಿಯುತ್ತಲೇ ಬಂದಿದೆ: ಶೇ 21, ಆಮೇಲೆ 17.5, ಆಮೇಲೆ 15.6. 2019–20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಅಪ್ಪ ಅಮ್ಮನ ಜಾಗ ತುಂಬಲು ಬೇಕಾದದ್ದು ಸುಮಾರು 2.1. ನಾವು ಅದಕ್ಕಿಂತ ಕೆಳಗಿದ್ದೇವೆ.

ಆದರೂ ಜನಸಂಖ್ಯೆ ಕೂಡಲೇ ಇಳಿಯುವುದಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಹುಟ್ಟಿದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಈಗ ಮದುವೆ ಆಗಿದೆ, ಮಕ್ಕಳಾಗಿವೆ. ಒಬ್ಬೊಬ್ಬರಿಗೆ ಒಂದೋ ಎರಡೋ ಮಕ್ಕಳಾದರೂ, ಹೆತ್ತವರೇ ಇಷ್ಟು ಜನ ಇರುವುದರಿಂದ ಒಟ್ಟು ಸಂಖ್ಯೆ ಇನ್ನೂ ಕೆಲವು ವರ್ಷ ಏರುತ್ತಲೇ ಇರುತ್ತದೆ. ಜೊತೆಗೆ ಹಿರಿಯರ ಆಯುಸ್ಸೂ ಹೆಚ್ಚಿದೆ.

ಒಂದು ಮನೆಯ ಮೂವತ್ತು ವರ್ಷದ ಲೆಕ್ಕ ಹಾಕಿ ನೋಡಿ, ಎಲ್ಲ ತಿಳಿಯಾಗುತ್ತದೆ. 1990ರಲ್ಲಿ ಅಪ್ಪ, ಅಮ್ಮ, ಇಬ್ಬರು ಗಂಡು ಮಕ್ಕಳು, ಇಬ್ಬರು ಹೆಣ್ಣು ಮಕ್ಕಳು. ಆರು ಜನ, ಒಲೆ ಒಂದು. 2020ಕ್ಕೆ ಹೆಣ್ಣು ಮಕ್ಕಳಿಬ್ಬರು ಮದುವೆಯಾಗಿ ಹೋದರು, ಸೊಸೆಯರಿಬ್ಬರು ಬಂದರು. ಅಲ್ಲಿಗೆ ಸರಿಸಮ. ಒಬ್ಬ ಮಗನಿಗೆ ಒಂದು ಮಗು, ಇನ್ನೊಬ್ಬನಿಗೆ ಎರಡು. ಒಟ್ಟು ಒಂಬತ್ತು ಜನ. ಆದರೆ ಒಲೆ ಮೂರು. ಜನ ಒಂದೂವರೆ ಪಟ್ಟು ಆದರು, ಸಂಸಾರ ಮೂರು ಪಟ್ಟು ಆಯಿತು. ಇಲ್ಲಿ ಯಾರೂ ಜಗಳ ಆಡಿ ಬೇರೆಯಾಗಬೇಕಿಲ್ಲ. ಸುಮ್ನೆ ಕೆಲಸ ಹುಡುಕಿಕೊಂಡು ಒಬ್ಬ ಮಗ ಬೆಂಗಳೂರಿಗೆ, ಇನ್ನೊಬ್ಬ ಹುಬ್ಬಳ್ಳಿಗೆ ಹೋದರೂ ಇದೇ ಆಗುತ್ತದೆ.

ಈ ಊರು ಬಿಡುವ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. 2001ರಿಂದ 2011ರವರೆಗೆ ಇಡೀ ಕರ್ನಾಟಕಕ್ಕೆ ಸೇರಿದ್ದು ಸುಮಾರು 82 ಲಕ್ಷ ಜನ. ಅದರಲ್ಲಿ 30 ಲಕ್ಷಕ್ಕೂ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಯಿತಲ್ವಾ? ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು, ಶೇ 47ರ ಏರಿಕೆ. ಅದೇ ಹೊತ್ತಿಗೆ ಕೊಡಗಿನಲ್ಲಿ ಏರಿಕೆ ಶೇ 1ರ ಆಸುಪಾಸು. ಚಿಕ್ಕಮಗಳೂರಿನಲ್ಲಿ ಏರಿಕೆಯೇ ಇಲ್ಲ, ಮೂರು ಸಾವಿರದಷ್ಟು ಜನ ಕಡಿಮೆಯೇ ಆದರು. ರಾಜ್ಯದ ಸರಾಸರಿ ಶೇ 15.6 ಅನ್ನುವಾಗ ಅದರೊಳಗೆ ಇಷ್ಟು ಅಂತರ ಅಡಗಿದೆ. ಹಾಗಾಗಿ ಬೆಂಗಳೂರಿನ ಬೀದಿಯಲ್ಲಿ ನಿಂತು ರಾಜ್ಯದ ಸರಾಸರಿಯನ್ನು ಓದಿದರೆ ಸುಳ್ಳು ಅನಿಸುವುದು ಸಹಜ. ಮಲೆನಾಡಿನ ಒಂದು ಹಳ್ಳಿಯಲ್ಲಿ ಕೂತು ಓದಿದರೂ ಹಾಗೇ ಅನಿಸೀತು. ಅಲ್ಲಿ ಶಾಲೆಗೆ ಮಕ್ಕಳೇ ಸಾಲುತ್ತಿಲ್ಲ.

ಮುಖ್ಯವಾದದ್ದು ಏನೆಂದರೆ, ಮಕ್ಕಳು ಬೆಂಗಳೂರಿಗೆ ಬಂದರು ಅಂತ ಊರಿನ ಮನೆಗೆ ಬೀಗ ಬೀಳುವುದಿಲ್ಲ. ಅಲ್ಲಿ ಅಪ್ಪ ಅಮ್ಮ ಇರುತ್ತಾರೆ. ನಾಲ್ಕೈದು ಜನ ಇದ್ದ ಮನೆ ಇಬ್ಬರದಾಗುತ್ತದೆ, ಒಂದು ದಿನ ಒಬ್ಬರದಾಗುತ್ತದೆ. ಲೆಕ್ಕದಲ್ಲಿ ಅದೂ ಒಂದು ಪೂರ್ತಿ ಸಂಸಾರ. 2011ರಲ್ಲೇ ಕರ್ನಾಟಕದಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ದೇಶದ ಸರಾಸರಿಗಿಂತ ಜಾಸ್ತಿ. ಮನೆ ಸಂಖ್ಯೆ ಏರುತ್ತಿದೆ ಅಂದಾಗ ನಮಗೆ ಕಾಣುವುದು ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್. ಒಬ್ಬ ಅಜ್ಜಿ ಮಾತ್ರ ಇರುವ ಸಕಲೇಶಪುರದ ಕಡೆಯ ದೊಡ್ಡ ಹೆಂಚಿನ ಮನೆಯೂ ಆ ಅಂಕಿಯ ಒಳಗೇ ಇದೆ. ಅವರ ಔಷಧಿ ತರುವವರು ಯಾರು, ರಾತ್ರಿ ಹುಷಾರು ತಪ್ಪಿದರೆ ಕರೆದುಕೊಂಡು ಹೋಗುವವರು ಯಾರು ಅನ್ನುವುದು ನನ್ನ ಪ್ರಕಾರ ಸೈಟಿನ ರೇಟಿಗಿಂತ ದೊಡ್ಡ ಪ್ರಶ್ನೆ. ಜನಸಂಖ್ಯೆ ಒಂದನ್ನೇ ನೋಡುತ್ತ ಕೂತರೆ ಈ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ.

ಸರ್ಕಾರದ ಕಡೆಯಿಂದಲೂ ಗೊಂದಲ ಇದೆ, ಯಾಕೆಂದರೆ ಒಂದೊಂದು ಯೋಜನೆಗೂ ಒಂದೊಂದು ಅಳತೆ. ಗೃಹಜ್ಯೋತಿಗೆ ಕರೆಂಟ್ ಮೀಟರ್. ಗೃಹಲಕ್ಷ್ಮಿಯ 2,000 ರೂಪಾಯಿಗೆ ರೇಷನ್ ಕಾರ್ಡಿನ ಯಜಮಾನಿ. ಆ ಕಾರ್ಡಿನಲ್ಲಿ ಯಜಮಾನಿ ಯಾರು ಅನ್ನುವುದಕ್ಕೆ 2013ರ ಆಹಾರ ಭದ್ರತಾ ಕಾಯ್ದೆ: ಮನೆಯ 18 ದಾಟಿದ ಹೆಂಗಸರಲ್ಲಿ ಹಿರಿಯರು. ಜನಗಣತಿಯಲ್ಲಿ ಹಾಗಿಲ್ಲ. ಮನೆಯವರು ಯಾರನ್ನು ಯಜಮಾನರು ಅಂತ ಹೇಳುತ್ತಾರೋ ಅವರೇ. ಹಾಗಾಗಿ ನಾವು ಮೇಲೆ ನೋಡಿದ ಆ ಕಟ್ಟಡ ಮೀಟರಿನ ಪ್ರಕಾರ ನಾಲ್ಕು ಮನೆ, ರೇಷನ್ ಕಾರ್ಡಿನ ಪ್ರಕಾರ ಒಂದೇ ಇರಬಹುದು, ಒಲೆ ಲೆಕ್ಕದಲ್ಲಿ ಮೂರು. ಯಾವುದೂ ತಪ್ಪಲ್ಲ. ಆದರೆ ಒಂದರ ಅಂಕಿಯನ್ನು ತಂದು ಇನ್ನೊಂದರ ಪಕ್ಕ ಇಟ್ಟು, ‘ನೋಡಿ, ಎಷ್ಟು ಬೋಗಸ್’ ಅಂತ ಹೇಳುವ ಮೊದಲು ಯಾವುದರಿಂದ ಅಳೆದದ್ದು ಅಂತ ಕೇಳಬೇಕು.

ಇದೆಲ್ಲಕ್ಕಿಂತ ನನಗೆ ಕಳವಳ ಆಗುವುದು ಹಳೇ ಅಂಕಿಯ ಬಗ್ಗೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ನಿಂತಿತು. ಹಾಗಾಗಿ ಇಷ್ಟು ವರ್ಷ ಎಲ್ಲವೂ 2011ರ ಲೆಕ್ಕದ ಮೇಲೆ ನಡೆದಿದೆ. ಆಹಾರ ಭದ್ರತಾ ಕಾಯ್ದೆಯಲ್ಲಿ ಕರ್ನಾಟಕಕ್ಕೆ ಕೇಂದ್ರ ಕೊಡುವ ಪಡಿತರ ಸುಮಾರು 4 ಕೋಟಿ 1 ಲಕ್ಷ ಜನರಿಗೆ. ಆ ಮಿತಿ ನಿಂತಿರುವುದು 2011ರ ಜನಸಂಖ್ಯೆಯ ಮೇಲೆ. ಆಮೇಲೆ ಹುಟ್ಟಿದ ಮಕ್ಕಳು, ಆಮೇಲೆ ಬೇರೆಯಾದ ಸಂಸಾರಗಳು ಅದೇ ಮಿತಿಯೊಳಗೆ ಜಾಗ ಹುಡುಕಬೇಕು. ಬೆಂಗಳೂರಿನ ನೀರಿನದೂ ಇಂಥದೇ ಕಥೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ತಂದ ಕಾವೇರಿ ಐದನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಆ ಹಳ್ಳಿಗಳು ಹಳ್ಳಿಗಳಾಗಿ ಉಳಿದಿರಲಿಲ್ಲ.

ಮುಂದಿನ ಗಣತಿಗೆ ಕೇಂದ್ರ ಸರ್ಕಾರ 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಗೊತ್ತು ಮಾಡಿದೆ. ಮೊದಲ ಹಂತ ಮನೆಪಟ್ಟಿ, ದೇಶದಾದ್ಯಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ. ಎರಡನೇ ಹಂತ ತಲೆ ಎಣಿಕೆ. ಈ ಸಲ ಎಲ್ಲ ಮೊಬೈಲಿನಲ್ಲೇ ದಾಖಲಾಗುತ್ತದೆ, ಜಾತಿಯನ್ನೂ ಕೇಳುತ್ತಾರೆ.

ಗಣತಿಯವರು ಬಂದಾಗ ತುಂಬ ಮನೆಗಳಲ್ಲಿ ಒಂದು ಭಯ ಇರುತ್ತದೆ. ಒಲೆ ಎರಡು ಅಂದರೆ ರೇಷನ್ ಕಾರ್ಡಿಗೆ ತೊಂದರೆ ಆಗುತ್ತಾ? ಬಾಡಿಗೆದಾರರು ಇದ್ದಾರೆ ಅಂದರೆ ಟ್ಯಾಕ್ಸ್ ಏರುತ್ತಾ? ಇಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ನೀವು ಕೊಟ್ಟ ವಿವರವನ್ನು ಹೊರಗಿನವರು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ತರುವಂತೆಯೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮೇಲಿನ ಶೀಟ್ ಮನೆಯವರನ್ನು ಬಿಡಬೇಡಿ. ನಿಮ್ಮ ಮನೆಯಲ್ಲೇ ಇದ್ದು ಉಣ್ಣುವ ಕೆಲಸದಾಕೆ ಇದ್ದರೆ ಆಕೆಯ ಹೆಸರೂ ನಿಮ್ಮ ಸಂಸಾರದಲ್ಲೇ ಬರಬೇಕು.

ಊರಲ್ಲಿ ಅಪ್ಪ ಅಮ್ಮ ಇರುವವರು ಇನ್ನೊಂದು ಕೆಲಸ ಮಾಡಬೇಕು. ಬೆಂಗಳೂರಲ್ಲಿ ನೆಲೆಸಿದ ಮಗನ ಹೆಸರನ್ನು ಅವರು ಪ್ರೀತಿಯಿಂದ ಅಲ್ಲೂ ಬರೆಸಿಬಿಡುತ್ತಾರೆ. ಇಲ್ಲಿ ನೀವೂ ಬರೆಸಿರುತ್ತೀರಿ. ಆಗ ನೀವು ಎರಡು ಸಲ ಲೆಕ್ಕಕ್ಕೆ ಬರುತ್ತೀರಿ, ಊರಿನ ಆ ಮನೆಯಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ ಅನ್ನುವುದು ದಾಖಲೆಯಲ್ಲಿ ಕಾಣುವುದೇ ಇಲ್ಲ. ಗಣತಿಗೆ ಮೊದಲೇ ಒಂದು ಫೋನ್ ಮಾಡಿ, ಯಾರ ಹೆಸರು ಎಲ್ಲಿ ಅಂತ ಮಾತಾಡಿಕೊಳ್ಳಿ.